ಹಚ್ಚಿದ್ದು ಎಷ್ಟು ಆಳಕ್ಕೆ ಇಳಿಯುತ್ತದೆ?

ಪ್ರಶ್ನೆ: ನನಗೆ 36 ವರ್ಷ, ಊರು ದಾವಣಗೆರೆ. ಎರಡನೇ ಹೆರಿಗೆಯ ನಂತರ ಎರಡೂ ಕೆನ್ನೆಗೆ ಬಂಗು ಬಂದಿದೆ. ಬೆಳಿಗ್ಗೆ 20% ವಿಟಮಿನ್ ಸಿ ಸೀರಮ್, ಅದರ ಮೇಲೆ 10% ನಯಾಸಿನಮೈಡ್ ಹಚ್ಚುತ್ತೇನೆ. ರಾತ್ರಿ ಗ್ಲೈಕಾಲಿಕ್ ಆಸಿಡ್ ಟೋನರ್, 0.5% ರೆಟಿನಾಲ್, ಕೊನೆಗೆ ಕೊಲಾಜೆನ್ ಕ್ರೀಮ್. ಎರಡು ತಿಂಗಳಾಯಿತು. ಬಂಗು ಇದ್ದ ಹಾಗೇ ಇದೆ, ಮುಖ ಮಾತ್ರ ಉರಿಯುತ್ತದೆ, ಮೂಗಿನ ಪಕ್ಕ ಸಿಪ್ಪೆ ಏಳುತ್ತಿದೆ. ಇವೆಲ್ಲ ನಿಜಕ್ಕೂ ಚರ್ಮದೊಳಗೆ ಹೋಗುತ್ತವೆಯೇ? ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಹಚ್ಚಬೇಕು? 13 ವರ್ಷದ ಮಗಳೂ ಇವನ್ನೇ ಹಚ್ಚಿಕೊಳ್ಳುತ್ತಾಳೆ, ಪರವಾಗಿಲ್ಲವೇ?

ಉತ್ತರ: ನಿಮ್ಮ ಪಟ್ಟಿಯಲ್ಲಿ ಐದು ಬಾಟಲಿಗಳಿವೆ, ಸನ್‌ಸ್ಕ್ರೀನ್ ಇಲ್ಲ. ಬಂಗು ಕದಲದಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಉರಿಯ ಕಾರಣ ಬೇರೆ. ಆಸಿಡ್, ರೆಟಿನಾಲ್, ಹುಳಿ ಹೆಚ್ಚಿರುವ ವಿಟಮಿನ್ ಸಿ ಮೂರನ್ನೂ ದಿನದಿನವೂ ಹಚ್ಚಿದ್ದರಿಂದ ಚರ್ಮದ ಹೊರಪದರ ಹಾಳಾಗಿದೆ. ಒಳಗೆ ಹೋಗುವ ಸಾಮಾನಿಗೆಲ್ಲ ದುಡ್ಡು ಹಾಕಿದ್ದೀರಿ, ಮೇಲೆಯೇ ನಿಲ್ಲಬೇಕಾದ್ದನ್ನು ಬಿಟ್ಟಿದ್ದೀರಿ. ಯಾವುದು ಯಾವ ಪದರದಲ್ಲಿ ಕೆಲಸ ಮಾಡಬೇಕಾದ್ದು ಎಂದು ತಿಳಿದರೆ ಹಚ್ಚುವ ಕ್ರಮಕ್ಕೆ ಬಾಯಿಪಾಠ ಬೇಕಾಗುವುದಿಲ್ಲ.

ಮುಖದ ಚರ್ಮದ ಮೇಲ್ಭಾಗವೇ ಎಪಿಡರ್ಮಿಸ್. ದಪ್ಪ ಹೆಚ್ಚೆಂದರೆ 100 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಕಣ್ಣಿನ ರೆಪ್ಪೆಯಲ್ಲಿ ಅದರ ಅರ್ಧ. ಇದರೊಳಗೆ ರಕ್ತನಾಳಗಳಿಲ್ಲ. ತಳದಲ್ಲಿ ಹುಟ್ಟಿದ ಜೀವಕೋಶ ಮೇಲಕ್ಕೆ ಸರಿಯುತ್ತಾ, ಚಪ್ಪಟೆಯಾಗುತ್ತಾ, ಸತ್ತು, ಕೊನೆಗೆ ಉದುರುತ್ತದೆ. ಈ ಪ್ರಯಾಣಕ್ಕೆ ನಾಲ್ಕರಿಂದ ಆರು ವಾರ ಬೇಕು, ವಯಸ್ಸಾದಂತೆ ಇನ್ನೂ ನಿಧಾನ. ತಳದ ಸಾಲಿನಲ್ಲೇ ಬಣ್ಣ ತಯಾರಿಸುವ ಮೆಲನೋಸೈಟ್‌ಗಳೂ ಕೂತಿರುತ್ತವೆ. ಒಂದೊಂದು ಮೆಲನೋಸೈಟ್ ತನ್ನ ಸುತ್ತಲಿನ ಸುಮಾರು 36 ಕೋಶಗಳಿಗೆ ಮೆಲನಿನ್ ಹಂಚುತ್ತದೆ. ಎಪಿಡರ್ಮಿಸ್ ಕೆಳಗೆ ಒಂದೆರಡು ಮಿಲಿಮೀಟರ್ ದಪ್ಪದ ಡರ್ಮಿಸ್: ಕೊಲಾಜೆನ್, ಎಲಾಸ್ಟಿನ್, ರಕ್ತನಾಳ, ನರ ಎಲ್ಲ ಅಲ್ಲಿ. ಅದರ ಕೆಳಗೆ ಕೊಬ್ಬು. ಅಲ್ಲಿಯವರೆಗೆ ಯಾವ ಕ್ರೀಮೂ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ.

ಒಳಗೆ ಬಿಡುವುದೋ ಬೇಡವೋ ಎಂದು ತೀರ್ಮಾನಿಸುವುದು ಎಪಿಡರ್ಮಿಸ್‌ನ ನೆತ್ತಿಯಲ್ಲಿರುವ ಸತ್ತ ಪದರ, ಸ್ಟ್ರೇಟಮ್ ಕಾರ್ನಿಯಮ್. ದಪ್ಪ ಬರೀ 10ರಿಂದ 20 ಮೈಕ್ರಾನ್. ಚರ್ಮತಜ್ಞರು ಇದನ್ನು ಇಟ್ಟಿಗೆ ಗೋಡೆ ಎಂದೇ ಕರೆಯುತ್ತಾರೆ: ಸತ್ತ ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬಿನಂಶ ಗಾರೆ. ಆ ಗಾರೆಯಲ್ಲಿ ತೂಕದ ಲೆಕ್ಕಕ್ಕೆ ಅರ್ಧದಷ್ಟು ಸೆರಮೈಡ್, ಕಾಲು ಭಾಗ ಕೊಲೆಸ್ಟ್ರಾಲ್, ಉಳಿದದ್ದರಲ್ಲಿ ಹೆಚ್ಚಿನದು ಕೊಬ್ಬಿನ ಆಮ್ಲಗಳು. ಮೇಲ್ಮೈಯ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) 4.5ರಿಂದ 5.5, ಅಂದರೆ ಸ್ವಲ್ಪ ಹುಳಿ. ಗಾರೆ ತಯಾರಿಸುವ ಕಿಣ್ವಗಳಿಗೆ ಈ ಹುಳಿ ಬೇಕೇ ಬೇಕು. ಪಿಎಚ್ 9-10 ಇರುವ ಸಾಬೂನಿನಿಂದ ತೊಳೆದ ಮುಖ ಬಿಗಿದುಕೊಂಡಂತಾಗುವುದು ಇದಕ್ಕೇ. ಆ ಬಿಗಿತ ಸ್ವಚ್ಛವಾಯಿತು ಅನ್ನುವುದರ ಗುರುತಲ್ಲ, ಗಾರೆ ತೊಳೆದುಹೋಯಿತು ಅನ್ನುವುದರ ಗುರುತು.

ಒಳಗೆ ಹೋಗಲು ಮೊದಲನೇ ಷರತ್ತು ಗಾತ್ರ. 2000ದಲ್ಲಿ ಬಾಸ್ ಮತ್ತು ಮೈನಾರ್ಡಿ ಎಂಬ ಇಬ್ಬರು ತಜ್ಞರು ಒಂದು ಲೆಕ್ಕ ಮುಂದಿಟ್ಟರು: ಅಣುತೂಕ 500 ಡಾಲ್ಟನ್ ದಾಟಿದರೆ ಗಾಯವಿಲ್ಲದ ಚರ್ಮದ ಮೂಲಕ ಒಳಗೆ ಹೋಗುವುದು ಬಹಳ ಕಷ್ಟ. ನಿಮ್ಮ ಡಬ್ಬಿಗಳನ್ನೇ ಈ ಲೆಕ್ಕಕ್ಕೆ ಹಿಡಿಯಿರಿ. ಗ್ಲೈಕಾಲಿಕ್ ಆಸಿಡ್ 76, ನಯಾಸಿನಮೈಡ್ 122, ವಿಟಮಿನ್ ಸಿ 176, ರೆಟಿನಾಲ್ 286. ಇವೆಲ್ಲ ಪಾಸು. ಕೊಲಾಜೆನ್? ಸುಮಾರು 3 ಲಕ್ಷ. ಅದು ಹೊರಗೇ ಕೂತು ಒಂದು ತೆಳು ಪೊರೆ ಕಟ್ಟುತ್ತದೆ, ನೀರು ಹಿಡಿದಿಡುತ್ತದೆ, ಮುಖ ತೊಳೆದಾಗ ಹೋಗುತ್ತದೆ. ನಿಮ್ಮ ಡರ್ಮಿಸ್‌ನಲ್ಲಿರುವ ಕೊಲಾಜೆನ್‌ಗೂ ಅದಕ್ಕೂ ಹೆಸರಿನ ಸಂಬಂಧ ಬಿಟ್ಟರೆ ಬೇರೇನೂ ಇಲ್ಲ. ಸಾಧಾರಣ ಮಾಯಿಶ್ಚರೈಸರ್ ಎಂದುಕೊಂಡು ಅದನ್ನು ಬಳಸಿ ಮುಗಿಸಿ. ಮತ್ತೆ ಆ ಬೆಲೆ ಕೊಟ್ಟು ಕೊಳ್ಳಬೇಡಿ. ಹತ್ತು ಲಕ್ಷ ಡಾಲ್ಟನ್ ದಾಟುವ ಹಯಾಲುರಾನಿಕ್ ಆಸಿಡ್ ಕಥೆಯೂ ಇಷ್ಟೇ. ಆದರೆ ಅದು ಮೇಲ್ಪದರಕ್ಕೆ ತೇವ ಕೊಡುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಗಾತ್ರ ಒಂದೇ ಸಾಲದು. ಅರಿಶಿನದ ಕರ್ಕ್ಯುಮಿನ್ 368 ಡಾಲ್ಟನ್, ಲೆಕ್ಕದ ಪ್ರಕಾರ ಒಳಗೆ ಹೋಗಬೇಕು. ಅದು ನೀರಿಗೆ ಬೆರೆಯುವುದಿಲ್ಲ, ಕೊಬ್ಬಿಗೆ ಮಾತ್ರ ಅಂಟುತ್ತದೆ. ಹೀಗಾಗಿ ಗಾರೆಯಲ್ಲೇ ಸಿಕ್ಕಿಕೊಂಡು, ಅದರ ಕೆಳಗಿರುವ ನೀರು ತುಂಬಿದ ಜೀವಂತ ಕೋಶಗಳಿಗೆ ಸರಿಯಾಗಿ ಇಳಿಯುವುದಿಲ್ಲ. ಅರಿಶಿನ ಶಾಸ್ತ್ರದ ಹಳದಿ ಎರಡು ದಿನ ಅಂಟಿಕೊಂಡಿದ್ದು ಆಮೇಲೆ ತಾನಾಗಿ ಮಾಯವಾಗುವುದು ಸತ್ತ ಪದರದ ಜೊತೆ ಅದೂ ಉದುರುವುದರಿಂದ. ಪೂರ್ತಿ ನೀರಿನ ಪಕ್ಷದ ವಸ್ತುಗಳದ್ದು ಇದರ ತದ್ವಿರುದ್ಧ ಕಷ್ಟ, ಅವಕ್ಕೆ ಗಾರೆಯೊಳಗೇ ಪ್ರವೇಶವಿಲ್ಲ. ಎರಡಕ್ಕೂ ಒಗ್ಗುವ ಸಣ್ಣ ಅಣು ಮಾತ್ರ ಸಲೀಸಾಗಿ ಇಳಿಯುತ್ತದೆ. ಮೊಡವೆಗೆ ಸ್ಯಾಲಿಸಿಲಿಕ್ ಆಸಿಡ್ ಹೇಳುವುದಕ್ಕೂ ಇದೇ ಕಾರಣ: ಎಣ್ಣೆಗೆ ಒಗ್ಗುವ ಗುಣ ಇರುವುದರಿಂದ ಅದು ಜಿಡ್ಡು ತುಂಬಿದ ರಂಧ್ರದೊಳಗೂ ಇಳಿಯುತ್ತದೆ, ಗ್ಲೈಕಾಲಿಕ್ ಅಲ್ಲಿ ಅಷ್ಟು ಇಳಿಯುವುದಿಲ್ಲ.

ಮೂರನೆಯದು ಜಾಗ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಹೈಡ್ರೊಕಾರ್ಟಿಸೋನ್ ಎಂಬ ಒಂದೇ ಸ್ಟೀರಾಯ್ಡ್ ಔಷಧವನ್ನು ಮೈಯ ಬೇರೆ ಬೇರೆ ಕಡೆ ಹಚ್ಚಿ ಅಳೆದರು. ಮುಂಗೈಯಲ್ಲಿ ಒಳಸೇರುವುದನ್ನು 1 ಎಂದಿಟ್ಟುಕೊಂಡರೆ ಅಂಗಾಲಿನಲ್ಲಿ 0.14, ಹಣೆಯಲ್ಲಿ 6, ದವಡೆಯ ಮೂಲೆಯಲ್ಲಿ 13. ಕೈಗೆ ಏನೂ ಮಾಡದ ಕ್ರೀಮ್ ಮುಖಕ್ಕೆ ತೊಂದರೆ ಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಹೊಸದೇನಾದರೂ ತಂದರೆ ಮೊಣಕೈಯ ಒಳಬದಿಯಲ್ಲಿ ಒಂದು ವಾರ, ಆಮೇಲೆ ಕಿವಿಯ ಮುಂದೆ ದವಡೆಯ ಹತ್ತಿರ ಎರಡು ಮೂರು ದಿನ ಹಚ್ಚಿ ನೋಡಿ. ಮೊದಲನೇ ಪರೀಕ್ಷೆ ಅಲರ್ಜಿಗೆ, ಎರಡನೆಯದು ಉರಿಗೆ.

ಈಗ ನಿಮ್ಮ ಬಾಟಲಿಗಳು. ವಿಟಮಿನ್ ಸಿ ಒಳಗೆ ಹೋಗಬೇಕಾದರೆ ದ್ರಾವಣದ ಪಿಎಚ್ 3.5ಕ್ಕಿಂತ ಕೆಳಗಿರಬೇಕು. ಹಂದಿಯ ಚರ್ಮದ ಮೇಲೆ ನಡೆದ ಪ್ರಯೋಗದಲ್ಲಿ 20% ದಾಟಿದ ಮೇಲೆ ಒಳಸೇರುವ ಪ್ರಮಾಣ ಹೆಚ್ಚಲಿಲ್ಲ. ಮೂರು ದಿನ ಹಚ್ಚಿದರೆ ಚರ್ಮ ತುಂಬಿಕೊಂಡಿತು, ಅದರಲ್ಲಿ ಅರ್ಧ ಕರಗಲು ನಾಲ್ಕು ದಿನ ಹಿಡಿಯಿತು. ಹಾಗಾಗಿ ಒಂದು ದಿನ ತಪ್ಪಿದರೆ ಪ್ರಪಂಚ ಮುಳುಗುವುದಿಲ್ಲ. ಹದಗೆಟ್ಟ ಚರ್ಮಕ್ಕೆ 20% ಜಾಸ್ತಿಯಾಯಿತು, 10% ಸಾಕು. ಡ್ರಾಪರ್ ಎತ್ತಿ ಬೆಳಕಿಗೆ ಹಿಡಿಯಿರಿ. ಬಣ್ಣವಿಲ್ಲದೆ ಅಥವಾ ತಿಳಿಹಳದಿ ಇದ್ದರೆ ಸರಿ. ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಗಾಳಿ, ಬೆಳಕು ತಗುಲಿ ಕೆಟ್ಟಿದೆ.  ಅದನ್ನು ಬಿಸಾಡಿ, ಬೆಲೆ ನೆನೆದು ಕುತ್ತಿಗೆಗಾದರೂ ಹಚ್ಚೋಣ ಅಂದುಕೊಳ್ಳಬೇಡಿ.

ನಯಾಸಿನಮೈಡ್ ಎರಡು ಕಡೆ ಕೆಲಸ ಮಾಡುತ್ತದೆ. ಮೆಲನೋಸೈಟಿನಿಂದ ಪಕ್ಕದ ಕೋಶಗಳಿಗೆ ಬಣ್ಣ ಸಾಗುವುದನ್ನು ತಗ್ಗಿಸುತ್ತದೆ, ಚರ್ಮ ತಾನೇ ಸೆರಮೈಡ್ ಮಾಡಿಕೊಳ್ಳಲು ನೆರವಾಗುತ್ತದೆ. ಇದಕ್ಕೆ 4-5% ಸಾಕು. 10% ಎಂಬುದು ಅಂಗಡಿಯವರ ಪೈಪೋಟಿಯ ಸಂಖ್ಯೆ. ಕೆಲವರಿಗೆ ಅದರಿಂದಲೇ ಮುಖ ಕೆಂಪಾಗುತ್ತದೆ. ವಿಟಮಿನ್ ಸಿ ಜೊತೆ ಹಚ್ಚಬಾರದು ಎಂಬ ಮಾತು ಓದಿದ್ದರೆ ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ, ಮನೆಯ ಉಷ್ಣಾಂಶದಲ್ಲಿ ಅವೆರಡಕ್ಕೂ ಜಗಳವಿಲ್ಲ.

ಗ್ಲೈಕಾಲಿಕ್ ಆಸಿಡ್ ಸತ್ತ ಕೋಶಗಳನ್ನು ಹಿಡಿದಿಟ್ಟ ಕೊಂಡಿಗಳನ್ನು ಸಡಿಲಿಸುತ್ತದೆ, ಮೇಲಿನ ಪದರ ಬೇಗ ಉದುರುತ್ತದೆ. ಹೊಳಪು ಬರುವುದು ಅದರಿಂದ. ತೊಂದರೆ ಬರುವುದೂ ಅದರಿಂದಲೇ: ಬಿಸಿಲಿಗೆ ಚರ್ಮ ಹೆಚ್ಚು ಸುಡುತ್ತದೆ, ಮೇಲಿಂದ ಹಚ್ಚುವ ರೆಟಿನಾಲ್ ಲೆಕ್ಕಕ್ಕಿಂತ ಹೆಚ್ಚು ಇಳಿಯುತ್ತದೆ. ಟೋನರ್ ಹಚ್ಚಿದ ಕೈಯಲ್ಲೇ ರೆಟಿನಾಲ್ ಹಚ್ಚುವುದು ನಿಮ್ಮ ದಿನಚರಿಯ ಅತಿ ದೊಡ್ಡ ತಪ್ಪು. ಬಿಸಿಲಿಗೆ ಸುಡುವ ಈ ಸೂಕ್ಷ್ಮತೆ ಆಸಿಡ್ ನಿಲ್ಲಿಸಿದ ಸುಮಾರು ಒಂದು ವಾರದಲ್ಲಿ ಇಳಿಯುತ್ತದೆ.

ರೆಟಿನಾಲ್ ಈ ಪಟ್ಟಿಯಲ್ಲಿ ಡರ್ಮಿಸ್‌ವರೆಗೆ ಪರಿಣಾಮ ಬೀರುವ ಸಾಮಾನು. ಅದು ಹಚ್ಚಿದ ಕೂಡಲೇ ಕೆಲಸಕ್ಕಿಳಿಯುವುದಿಲ್ಲ. ಚರ್ಮದಲ್ಲಿ ಮೊದಲು ರೆಟಿನಾಲ್ಡಿಹೈಡ್, ಆಮೇಲೆ ರೆಟಿನಾಯಿಕ್ ಆಸಿಡ್ ಆಗಬೇಕು. ಆ ರೂಪದಲ್ಲಿ ಕೋಶದ ನ್ಯೂಕ್ಲಿಯಸ್ಸಿನೊಳಗಿನ ಗ್ರಾಹಕಗಳಿಗೆ ಅಂಟಿ ಕೋಶಗಳು ಬದಲಾಗುವ ವೇಗವನ್ನೂ ಕೊಲಾಜೆನ್ ತಯಾರಿಯನ್ನೂ ಹೆಚ್ಚಿಸುತ್ತದೆ. ಕೊಲಾಜೆನ್ ಬೇಕಿದ್ದರೆ ದಾರಿ ಇದು, ಕೊಲಾಜೆನ್ ಕ್ರೀಮ್ ಅಲ್ಲ. ಸುಕ್ಕಿನ ಮೇಲೆ ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಇದನ್ನು ಹಚ್ಚಕೂಡದು.

ಇನ್ನು ಪಟ್ಟಿಯಲ್ಲೇ ಇಲ್ಲದ ಸನ್‌ಸ್ಕ್ರೀನ್. ಬಂಗಿಗೆ ಇದೇ ಮೊದಲ ಔಷಧ. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಯುವಿಬಿ ಹೆಚ್ಚಾಗಿ ಎಪಿಡರ್ಮಿಸ್‌ನಲ್ಲೇ ನಿಲ್ಲುತ್ತದೆ, ಯುವಿಎ ಡರ್ಮಿಸ್‌ವರೆಗೆ ಇಳಿಯುತ್ತದೆ, ಕಿಟಕಿಯ ಗಾಜನ್ನೂ ದಾಟುತ್ತದೆ. ಮನೆಯಲ್ಲೇ ಇರುತ್ತೇನೆ ಎನ್ನುವವರ ಬಂಗು ಕಿಟಕಿಯ ಕಡೆಗಿನ ಕೆನ್ನೆಯಲ್ಲಿ ಗಾಢವಾಗುವುದುಂಟು. ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆ ಮುಖ್ಯವಾಗಿ ಯುವಿಬಿ ತಡೆಯುವುದರ ಅಳತೆ: 30 ಇದ್ದರೆ ಸುಮಾರು 97%, 50 ಇದ್ದರೆ 98% ತಡೆಯುತ್ತದೆ. ಯುವಿಎಗೆ ಡಬ್ಬಿಯ ಮೇಲಿನ ಪಿಎ ಗುರುತು ನೋಡಿ, ಕನಿಷ್ಠ ಮೂರು ಪ್ಲಸ್ ಇರಲಿ. ನಮ್ಮಂಥ ಕಂದು ಚರ್ಮಕ್ಕೆ ಇನ್ನೊಂದು ಸಂಗತಿಯಿದೆ. ಕಣ್ಣಿಗೆ ಕಾಣುವ ಬೆಳಕೂ, ಅದರಲ್ಲೂ ನೀಲಿ ಭಾಗ, ಬಂಗನ್ನು ಗಾಢ ಮಾಡುತ್ತದೆ. ಬಿಳಿ ಸನ್‌ಸ್ಕ್ರೀನ್ ಅದನ್ನು ತಡೆಯುವುದು ಅಷ್ಟಕ್ಕಷ್ಟೇ. ತಡೆಯುವುದು ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ್ದೇ ಆದ ಟಿಂಟೆಡ್ ಸನ್‌ಸ್ಕ್ರೀನ್. ಬಂಗು ಇರುವವರು ಅದನ್ನೇ ಕೊಳ್ಳಬೇಕು.

ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಮುಖ, ಕುತ್ತಿಗೆಗೆ ಅದು ಒಂದು ಗ್ರಾಂಗಿಂತ ತುಸು ಹೆಚ್ಚು: ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎಳೆದ ಎರಡು ಗೆರೆಗಳು. ಹೆಚ್ಚಿನವರು ಅರ್ಧವನ್ನೂ ಹಚ್ಚುವುದಿಲ್ಲ, ಡಬ್ಬಿಯ ಮೇಲಿನ 50 ಆಗ ಲೆಕ್ಕಕ್ಕೆ ಬರುವುದಿಲ್ಲ. ಸುಲಭದ ತಪಾಸಣೆ ಹೇಳುತ್ತೇನೆ. ದಿನಕ್ಕೆರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬ್ ಒಂದು ತಿಂಗಳೂ ಬಾಳಬಾರದು. ಮೂರು ತಿಂಗಳು ಬಂತು ಎಂದರೆ ನೀವು ಹಚ್ಚುತ್ತಿರುವುದು ಶಾಸ್ತ್ರಕ್ಕೆ. ದುಬಾರಿ ಬ್ರ್ಯಾಂಡ್ ಕೊಂಡು ಉಳಿಸಿ ಉಳಿಸಿ ಹಚ್ಚುವುದಕ್ಕಿಂತ ಅಗ್ಗದ್ದನ್ನು ಧಾರಾಳವಾಗಿ ಹಚ್ಚುವುದು ಮೇಲು. ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡ ಮೇಲೆ ಮತ್ತೊಮ್ಮೆ.

ಸನ್‌ಸ್ಕ್ರೀನ್ ಒಳಗೆ ಹೋಗಬಾರದು, ಸತ್ತ ಪದರದ ಮೇಲೆಯೇ ನಿಂತು ಕಿರಣ ಹೀರಬೇಕು. ಝಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಅಲ್ಲೇ ನಿಲ್ಲುತ್ತವೆ. ಕೆಲವು ರಾಸಾಯನಿಕ ಫಿಲ್ಟರುಗಳು ಸ್ವಲ್ಪ ರಕ್ತಕ್ಕೂ ಸೇರುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019-20ರಲ್ಲಿ ಅಳೆದು ತೋರಿಸಿತು. ಸೇರುವುದಕ್ಕೂ ಹಾನಿಯಾಗುವುದಕ್ಕೂ ವ್ಯತ್ಯಾಸವಿದೆ. ಆದರೂ ಮನಸ್ಸಿಗೆ ಕಿರಿಕಿರಿಯಾದರೆ ಝಿಂಕ್ ಇರುವುದನ್ನು ಆರಿಸಿಕೊಳ್ಳಿ.

ಈಗ ಮಾಡಬೇಕಾದ್ದು. ಮೊದಲ ಮೂರು ವಾರ ಐದೂ ಬಾಟಲಿ ಪಕ್ಕಕ್ಕಿಡಿ. ಬೆಳಿಗ್ಗೆ ಬರೀ ನೀರಿನಲ್ಲಿ ಮುಖ ತೊಳೆದು ಸನ್‌ಸ್ಕ್ರೀನ್. ರಾತ್ರಿ ಪಿಎಚ್ 5.5ರ ಆಸುಪಾಸಿನ, ಸಾಬೂನಲ್ಲದ ಫೇಸ್‌ವಾಶ್. ಟವೆಲಿನಿಂದ ಒತ್ತಿ, ತೇವ ಪೂರ್ತಿ ಆರುವ ಮುಂಚೆ ಸೆರಮೈಡ್ ಅಥವಾ ಗ್ಲಿಸರಿನ್ ಇರುವ ಮಾಯಿಶ್ಚರೈಸರ್. ಸಿಪ್ಪೆ ಏಳುವ ಕಡೆ ಅದರ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ. ಹರಿದ ಗೋಡೆಯಿಂದ ನೀರು ಆವಿಯಾಗದಂತೆ ತಡೆಯಲು ಅದನ್ನು ಮೀರಿಸುವ ವಸ್ತು ಅಂಗಡಿಯಲ್ಲಿಲ್ಲ. ಕೊಬ್ಬರಿ ಎಣ್ಣೆ ಕೈಕಾಲಿಗೆ ಚೆನ್ನ, ಮೊಡವೆಯಾಗುವ ಮುಖಕ್ಕೆ ಬೇಡ. ಪದರ ಸರಿಯಾಯಿತೋ ಇಲ್ಲವೋ ತಿಳಿಯುವುದು ಹೇಗೆ ಅಂದರೆ, ಸಪ್ಪೆ ಮಾಯಿಶ್ಚರೈಸರ್ ಹಚ್ಚಿದಾಗಲೂ ಚುರುಚುರು ಅನ್ನುತ್ತಿದ್ದರೆ ಇನ್ನೂ ಇಲ್ಲ. ಆಗ ಇನ್ನೊಂದು ವಾರ ಕಾಯಿರಿ.

ನಾಲ್ಕನೇ ವಾರ ನಯಾಸಿನಮೈಡ್ ಒಂದನ್ನೇ ಬೆಳಿಗ್ಗೆ ಸೇರಿಸಿ. ಆರನೇ ವಾರ ರೆಟಿನಾಲ್, ವಾರಕ್ಕೆ ಎರಡೇ ರಾತ್ರಿ, 0.5% ಬದಲು 0.2 ಅಥವಾ 0.3%. ಮುಖ ತೊಳೆದು ಪೂರ್ತಿ ಒಣಗಲಿ, ಒದ್ದೆ ಚರ್ಮದಲ್ಲಿ ಅದು ಹೆಚ್ಚು ಇಳಿದು ಉರಿಯುತ್ತದೆ. ಮೊದಲು ತೆಳು ಮಾಯಿಶ್ಚರೈಸರ್, ಆಮೇಲೆ ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ರೆಟಿನಾಲ್, ಮೇಲೆ ಮತ್ತೆ ಮಾಯಿಶ್ಚರೈಸರ್. ಹಚ್ಚುವ ಮುಂಚೆ ಮೂಗಿನ ಎರಡು ಪಕ್ಕದ ಸಂದಿ, ತುಟಿಯ ಮೂಲೆಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬೆರಳಿನಿಂದ ಹರಡುವಾಗ ಕ್ರೀಮ್ ಜಾರಿ ಬಂದು ಕೂಡುವುದು ಆ ಸಂದಿಗಳಲ್ಲೇ, ನಿಮಗೆ ಸಿಪ್ಪೆ ಎದ್ದಿರುವುದೂ ಅಲ್ಲೇ. ತಿಂಗಳು ಕಳೆದು ತೊಂದರೆ ಇಲ್ಲದಿದ್ದರೆ ದಿನ ಬಿಟ್ಟು ದಿನ. ವಿಟಮಿನ್ ಸಿ ಬೇಕೆನಿಸಿದರೆ ಅದೂ ಆದಮೇಲೆ. ಗ್ಲೈಕಾಲಿಕ್ ಮತ್ತೆ ಬೇಡವೇ ಬೇಡ, ರೆಟಿನಾಲ್ ಇರುವಾಗ ಅದರ ಅಗತ್ಯವಿಲ್ಲ.

ಕ್ರಮದ ವಿಚಾರ ಇಷ್ಟೇ: ನೀರಿನಂಥದ್ದು ಮೊದಲು, ಗಟ್ಟಿಯದು ಆಮೇಲೆ, ಎಣ್ಣೆ ಅಥವಾ ಜೆಲ್ಲಿ ಕೊನೆಗೆ, ಹಗಲಾದರೆ ಎಲ್ಲದರ ಮೇಲೆ ಸನ್‌ಸ್ಕ್ರೀನ್. ಎಣ್ಣೆ ಹಚ್ಚಿದ ಮೇಲೆ ನೀರಿನ ಸೀರಮ್ ಇಳಿಯದು. ರೆಟಿನಾಲಿಗೆ ಮುಂಚೆ ಮಾಯಿಶ್ಚರೈಸರ್ ಹಚ್ಚಿ ಎಂದದ್ದು ಇದಕ್ಕೆ ಅಪವಾದ. ಅಲ್ಲಿ ಬೇಕಂತಲೇ ಅದರ ವೇಗ ತಗ್ಗಿಸುತ್ತಿದ್ದೇವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ಗಂಟೆ ಕಾಯಬೇಕಿಲ್ಲ, ಅಂಟು ಆರಿದರೆ ಸಾಕು. ಸನ್‌ಸ್ಕ್ರೀನ್ ಉಜ್ಜುವಾಗ ರಬ್ಬರ್ ಚೂರಿನಂತೆ ಉಂಡೆ ಉಂಡೆಯಾಗಿ ಎದ್ದರೆ ಕೆಳಗಿನದ್ದು ಜಾಸ್ತಿಯಾಗಿದೆ ಅಥವಾ ಆರಿಲ್ಲ.

ಬಂಗು ಎಷ್ಟು ಆಳದಲ್ಲಿದೆ ಎಂಬುದರ ಮೇಲೆ ಫಲ ನಿಂತಿದೆ. ಮೆಲನಿನ್ ಎಪಿಡರ್ಮಿಸ್‌ನಲ್ಲೇ ಇದ್ದರೆ ಅಂಚು ಸ್ಪಷ್ಟ, ಬಣ್ಣ ಕಂದು. ಚರ್ಮತಜ್ಞರು ವುಡ್ಸ್ ಲ್ಯಾಂಪ್ ಎಂಬ ಅತಿನೇರಳೆ ದೀಪ ಹಿಡಿದಾಗ ಅದು ಎದ್ದು ಕಾಣುತ್ತದೆ, ಹಚ್ಚುವ ಔಷಧಕ್ಕೆ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರದಲ್ಲಿ ತಿಳಿಯಾಗತೊಡಗುತ್ತದೆ. ಮೆಲನಿನ್ ಡರ್ಮಿಸ್‌ಗೆ ಇಳಿದಿದ್ದರೆ ಬಣ್ಣ ಬೂದು ಮಿಶ್ರ, ಅಂಚು ಮಸುಕು. ಉದುರುವ ಪದರ ಅದಲ್ಲವಾದ್ದರಿಂದ ಕ್ರೀಮಿನ ಆಟ ಅಲ್ಲಿ ಹೆಚ್ಚು ನಡೆಯದು. ಬಹಳ ಜನರಲ್ಲಿ ಎರಡೂ ಬೆರೆತಿರುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ, ಅದೂ ಬಂಗಿಗೆ ಕಾರಣವಾಗಬಲ್ಲದು.

ಒಂದು ಎಚ್ಚರಿಕೆ. ಬಂಗು ಎಂದ ಕೂಡಲೇ ಮೆಡಿಕಲ್ ಶಾಪಿನವರು ಕೊಡುವ ಸಣ್ಣ ಟ್ಯೂಬಿನಲ್ಲಿ ಹೆಚ್ಚಾಗಿ ಬಣ್ಣ ತಗ್ಗಿಸುವ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ (ಮೇಲೆ ಹೇಳಿದ ರೆಟಿನಾಯಿಕ್ ಆಸಿಡ್ಡೇ) ಜೊತೆ ಮೊಮೆಟಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಹದಿನೈದು ದಿನದಲ್ಲಿ ಮುಖ ಬೆಳ್ಳಗಾಗುತ್ತದೆ, ಅದೇ ಅದರ ಆಕರ್ಷಣೆ. ದವಡೆಯಲ್ಲಿ 13 ಪಟ್ಟು ಇಳಿಯುತ್ತದೆ ಎಂದು ಮೇಲೆ ಹೇಳಿದ್ದು ಹೈಡ್ರೊಕಾರ್ಟಿಸೋನಿನ ಲೆಕ್ಕ, ಇದು ಅದಕ್ಕಿಂತ ಎಷ್ಟೋ ಪ್ರಬಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನಾಳಗಳು ಕಾಣುತ್ತವೆ, ಮೊಡವೆ, ಕೂದಲು ಬರುತ್ತದೆ, ಬಿಟ್ಟರೆ ಮುಖ ಉರಿದು ಕೆಂಪಾಗುತ್ತದೆ. ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್‌ಗೆ ತಂದಿತು, ಚೀಟಿಯಿಲ್ಲದೆ ಮಾರುವಂತಿಲ್ಲ. ಈಗಾಗಲೇ ಬಹಳ ದಿನ ಹಚ್ಚಿದವರು ಥಟ್ಟನೆ ಬಿಡದೆ ಚರ್ಮತಜ್ಞರನ್ನು ಕಾಣಬೇಕು.

ಪದರ ದಾಟಿಸುವ ಮನೆಯ ಸಾಹಸಗಳೂ ಬೇಡ. 0.5 ಮಿಲಿಮೀಟರ್ ಸೂಜಿಯ ಡರ್ಮಾರೋಲರ್ ಎಂದರೆ 500 ಮೈಕ್ರಾನ್, ನಿಮ್ಮ ಎಪಿಡರ್ಮಿಸ್ 100. ಅದರ ಮೇಲೆ ವಿಟಮಿನ್ ಸಿ ಸುರಿದರೆ ಮೇಲ್ಪದರಕ್ಕೆಂದು ಮಾಡಿದ್ದು, ಅದರ ಸುವಾಸನೆ, ಪ್ರಿಸರ್ವೇಟಿವ್ ಸಮೇತ ನೇರ ಡರ್ಮಿಸ್‌ಗೆ ಬೀಳುತ್ತದೆ. ಹಾಗೆ ಗಂಟುಗಳೆದ್ದ ಪ್ರಕರಣಗಳು ವೈದ್ಯ ಪತ್ರಿಕೆಗಳಲ್ಲಿ ವರದಿಯಾಗಿವೆ. ನಿಂಬೆರಸದ ಪಿಎಚ್ 2ರ ಆಸುಪಾಸು, ಜೊತೆಗೆ ಅದರಲ್ಲಿರುವ ಸೊರಾಲಿನ್ ಎಂಬ ರಾಸಾಯನಿಕ ಬಿಸಿಲು ತಾಗಿದರೆ ಸುಟ್ಟ ಕಪ್ಪು ಕಲೆ ಉಳಿಸುತ್ತದೆ. ಬಂಗಿಗೆ ನಿಂಬೆ ಹಚ್ಚಿ ಎರಡು ಬಂಗು ಮಾಡಿಕೊಂಡಂತೆ. ಕಡಲೆಹಿಟ್ಟು ಪರವಾಗಿಲ್ಲ, ಉಜ್ಜದೆ ತೊಳೆದುಕೊಂಡರೆ.

ಮಗಳ ವಿಷಯ. 13ರ ಚರ್ಮದಲ್ಲಿ ಕೋಶಗಳು ತಾವಾಗಿಯೇ ಬೇಗ ಬದಲಾಗುತ್ತಿರುತ್ತವೆ, ಕೊಲಾಜೆನ್ ಕೊರತೆಯೂ ಇಲ್ಲ. ನಿಮ್ಮ ಐದರಲ್ಲಿ ಒಂದೂ ಅವಳಿಗೆ ಬೇಡ. ಮೃದು ಫೇಸ್‌ವಾಶ್, ಚಳಿಗಾಲದಲ್ಲಿ ಮಾಯಿಶ್ಚರೈಸರ್, ಶಾಲೆಗೆ ಹೋಗುವಾಗ ಸನ್‌ಸ್ಕ್ರೀನ್ ಸಾಕು. ಮೊಡವೆ ಶುರುವಾಗಿದ್ದರೆ ಆ ವಯಸ್ಸಿಗೂ ಹೊಂದುವ ಅಡಾಪಲೀನ್ 0.1% ಜೆಲ್ ಇದೆ. ವೈದ್ಯರಿಗೆ ತೋರಿಸಿ, ಚೀಟಿ ಬರೆಸಿಕೊಂಡೇ ತನ್ನಿ.